ನಡುಸಮುದ್ರದಲ್ಲಿ ಮಡಿ ಊಟ

ಸಿಯಾಟಲ್‌ನಿಂದ ಅಲಾಸ್ಕಾಗೆ ನಾವು ಮಗನ ಜೊತೆ ಹೋಗಬೇಕಿದ್ದ ಕ್ರೂಸ್ ಹಡಗು ಹೊರಡುವುದಕ್ಕೆ ಇನ್ನೂ ಎರಡು ತಿಂಗಳಿತ್ತು, ಮಗನ ಫೋನು ಬಂತು. ಬಿಪಿ ಮಾತ್ರೆ ಎಷ್ಟು ತರ್ತೀರಿ, ಇನ್ಶೂರೆನ್ಸ್ ಮಾಡಿಸಿದಿರಾ ಅಂತ ಕೇಳುತ್ತಾನೆ ಅಂದುಕೊಂಡೆ. "ಅಪ್ಪ, ನಿಮ್ಮ ಹತ್ರ ಸೂಟ್ ಇದೆಯಾ?" ಅಂದ.

ಇದೆಯಪ್ಪ. 1988ರಲ್ಲಿ ನಮ್ಮ ಆರತಕ್ಷತೆಗೆ ಹೊಲಿಸಿದ್ದು. ನಮ್ಮ ಕಡೆ ಗಂಡಸಿಗೆ ಸೂಟು ಅಂದರೆ ಒಂದೇ ಸಂಜೆಯ ಸಾಮಾನು. ಮದುವೆಯ ಹಿಂದಿನ ಸಂಜೆ ಹಾಕಿಕೊಂಡು, ಗೊತ್ತಿಲ್ಲದವರಿಗೆಲ್ಲ ಕೈಮುಗಿದು, ಮರುದಿನ ಧಾರೆಗೆ ಪಂಚೆ ಉಟ್ಟ ಮೇಲೆ ಆ ಸೂಟು ನುಸಿಗುಳಿಗೆ ಜೊತೆ ಬೀರು ಸೇರಿದರೆ ಮುಗಿಯಿತು. ತೆಗೆದು ಹಾಕಿ ನೋಡಿದೆ. ತೋಳು ಒಳಗೆ ಹೋಯಿತು. ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ, ಮಾತು ಬಿಟ್ಟ ದಾಯಾದಿಗಳ ಥರ ದೂರ ನಿಂತವು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ರೀ, ಬಿಚ್ಚಿ ಇಡಿ, ಇಸ್ತ್ರಿ ಹಾಳಾಗತ್ತೆ" ಅಂದಳು. ಮೂವತ್ತೈದು ವರ್ಷಕ್ಕೂ ಹಿಂದಿನ ಇಸ್ತ್ರಿ.

ಮಗನಿಗೆ ಆಗಲ್ಲ ಅಂದೆ. "ಹಾಗಾದ್ರೆ ಇಲ್ಲೇ ಬಾಡಿಗೆಗೆ ತಗೊಳ್ಳೋಣ. ಏಳು ರಾತ್ರೀಲಿ ಎರಡು ರಾತ್ರಿ ಫಾರ್ಮಲ್."

"ಮಿಕ್ಕ ಐದು ರಾತ್ರಿ?"

"ಸ್ಮಾರ್ಟ್ ಕ್ಯಾಷುವಲ್."

ಈ ಸ್ಮಾರ್ಟ್ ಕ್ಯಾಷುವಲ್ ಅಂದರೆ ಏನು ಅಂತ ನಾನು ಅವತ್ತಿಂದ ಕೇಳುತ್ತಲೇ ಇದ್ದೇನೆ, ಹೇಳಿದವರಿಲ್ಲ. ಸೊಸೆ, "ಮಾವ, ತುಂಬಾ ಡ್ರೆಸ್ ಮಾಡ್ಕೊಂಡಿರೋ ಥರಾನೂ ಇರಬಾರದು, ಮಾಡ್ಕೊಳ್ಳದೇ ಇರೋ ಥರಾನೂ ಇರಬಾರದು" ಅಂದಳು. ಹಿರಣ್ಯಕಶಿಪು ಕೇಳಿದ ವರ ನೆನಪಾಯಿತು. ಒಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಅವನಿಗೆ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಇದು ಒಂದು ಹಡಗಿನ ಹುಚ್ಚಾಗಿದ್ದರೆ ಸುಮ್ಮನಿರುತ್ತಿದ್ದೆ. ಒಂದೊಂದು ಹಡಗು ಕಂಪನಿಗೂ ಒಂದೊಂದು ಶಬ್ದ. ಕಾರ್ನಿವಲ್‌ನವರು ಫಾರ್ಮಲ್ ಅನ್ನುವುದಿಲ್ಲ, 'ಕ್ರೂಸ್ ಎಲಿಗಂಟ್' ಅನ್ನುತ್ತಾರೆ. ಸೆಲೆಬ್ರಿಟಿಯವರು ಫಾರ್ಮಲ್ ತೆಗೆದುಹಾಕಿದೆವು ಅಂತ ಹೇಳಿ 'ಈವನಿಂಗ್ ಶಿಕ್' ತಂದರು. ನಾರ್ವೇಜಿಯನ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಡ್ರೆಸ್ ಅಪ್ ಆರ್ ನಾಟ್ ನೈಟ್' ಅಂತ ಮಾಡಿದರು. ಹಾಕಿಕೊಂಡರೂ ಸರಿ, ಬಿಟ್ಟರೂ ಸರಿ. ಹಾಗಿದ್ದ ಮೇಲೆ ಆ ರಾತ್ರಿಗೆ ಹೆಸರು ಯಾಕೆ ಸ್ವಾಮಿ? ನಮ್ಮ ಮನೆಯಲ್ಲಿ ದಿನಾ ರಾತ್ರಿ ಅದೇ ತಾನೇ ನಡೆಯುವುದು.

ನನ್ನನ್ನು ಕೇಳಿದರೆ ಭೂಮಿ ಮೇಲೆ ಸ್ಮಾರ್ಟ್ ಕ್ಯಾಷುವಲ್ ಅನ್ನುವುದು ಏನಾದರೂ ಇದ್ದರೆ ಅದು ಸಫಾರಿ ಸೂಟು. ಬ್ಯಾಂಕಿಗೂ ಆಯಿತು, ಗೃಹಪ್ರವೇಶಕ್ಕೂ ಆಯಿತು, ಇನ್‌ಶರ್ಟ್ ಮಾಡುವ ರಗಳೆಯಿಲ್ಲ, ಹೊಟ್ಟೆ ಕಾಣುವುದಿಲ್ಲ, ಜೇಬು ನಾಲ್ಕು. ಮಗನಿಗೆ ಹೇಳಿದೆ. ಆ ಕಡೆಯಿಂದ ತುಂಬ ಹೊತ್ತು ಸದ್ದೇ ಬರಲಿಲ್ಲ. ಲೈನ್ ಕಟ್ಟಾಯಿತು ಅಂದುಕೊಂಡೆ.

ರಿಟೈರ್ ಆದವನಿಗೆ ಬಿಡುವು ಜಾಸ್ತಿ. ಫಾರ್ಮಲ್ ರಾತ್ರಿಗೆ ಬೋ ಟೈ ಜೊತೆ ಹಾಕುವ ಕಪ್ಪು ಕೋಟು, ಈ ಟಕ್ಸಿಡೊ, ಎಲ್ಲಿಂದ ಬಂತು ಅಂತ ಓದಿದೆ. 1865ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಏಳನೇ ಎಡ್ವರ್ಡ್ ಆದವನು, ಲಂಡನ್ನಿನ ಸ್ಯಾವಿಲ್ ರೋನ ಹೆನ್ರಿ ಪೂಲ್ ಟೈಲರುಗಳ ಹತ್ತಿರ ಒಂದು ಮೋಟು ಕೋಟು ಹೊಲಿಸಿದ. ಯಾಕೆ? ಹಿಂದೆ ಬಾಲ ಇರುವ ಉದ್ದ ಕೋಟು ಹಾಕಿಕೊಂಡು ದಿನಾ ಊಟಕ್ಕೆ ಕೂರುವುದು ಹಿಂಸೆ, ಹಳ್ಳಿಮನೆಯಲ್ಲಿ ಆರಾಮಾಗಿ ಉಣ್ಣಬೇಕು ಅಂತ. ಅಂದರೆ ಇವತ್ತು ಬಾಡಿಗೆಗೆ ತಂದು ಕುತ್ತಿಗೆಗೆ ನೇಣು ಹಾಕಿಕೊಳ್ಳುವ ಈ ಮಹಾ ಫಾರ್ಮಲ್ ಬಟ್ಟೆ, ಹುಟ್ಟಿದಾಗ ಆ ಕಾಲದ ನೈಟ್‌ಪ್ಯಾಂಟು! 1886ರ ಹೊತ್ತಿಗೆ ನ್ಯೂಯಾರ್ಕ್ ಹತ್ತಿರದ ಟಕ್ಸಿಡೊ ಪಾರ್ಕ್‌ನ ಶ್ರೀಮಂತರು ಅದನ್ನು ಹಾಕತೊಡಗಿದರು, ಆ ಊರಿನ ಹೆಸರೇ ಕೋಟಿಗೂ ಅಂಟಿಕೊಂಡಿತು. ಈ ಲೆಕ್ಕದಲ್ಲಿ ಇನ್ನು ನೂರು ವರ್ಷಕ್ಕೆ ಬರ್ಮುಡಾ ಚಡ್ಡಿ ಹಾಕದವರನ್ನು ಗಾಲಾ ಡಿನ್ನರ್ ಬಾಗಿಲಲ್ಲಿ ತಡೆಯುತ್ತಾರೆ.

ಆದರೆ ನಿಯಮ ಓದುತ್ತಾ ಓದುತ್ತಾ ನನಗೆ ಇದೆಲ್ಲ ಎಲ್ಲೋ ನೋಡಿದ್ದೇನಲ್ಲ ಅನ್ನಿಸತೊಡಗಿತು. ಆಮೇಲೆ ಹೊಳೆಯಿತು. ನಮ್ಮಜ್ಜಿ!

ಅಜ್ಜಿ ಮಡಿಸೀರೆಯನ್ನು ಕೋಲಿನಿಂದ ಎತ್ತಿ ಬಿದಿರಿನ ಗಳುವಿನ ಮೇಲೆ ಒಣಹಾಕುತ್ತಿದ್ದರು. ಯಾರೂ ಮುಟ್ಟುವ ಹಾಗಿಲ್ಲ. ಹಡಗಿನಲ್ಲಿ ಫಾರ್ಮಲ್ ಬಟ್ಟೆ ಡ್ರೈಕ್ಲೀನಿನಿಂದ ಬಂದು, ಪ್ಲಾಸ್ಟಿಕ್ ಕವರಿನೊಳಗೆ ಹ್ಯಾಂಗರಿಗೆ ನೇತಾಡುತ್ತದೆ, ಯಾರೂ ಮುಟ್ಟುವ ಹಾಗಿಲ್ಲ. ಅಜ್ಜಿಗೆ ಸ್ನಾನ ಆದ ಮೇಲೆ ಮಡಿ, ಇವರಿಗೆ ಸಂಜೆ ಆರರ ಮೇಲೆ ಮಡಿ. ಕ್ವೀನ್ ಮೇರಿ 2 ಅಂತ ದೊಡ್ಡ ಹಡಗಿದೆ, 2004ರಿಂದ ಓಡುತ್ತಿದೆ, ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಏಳು ರಾತ್ರಿ. ಅಲ್ಲಿ ಆರು ಗಂಟೆ ಹೊಡೆಯಿತು ಅಂದರೆ ಹಡಗಿನ ಬಹುಪಾಲು ಜಾಗಕ್ಕೆ ಮಡಿ ಬರುತ್ತದೆ. ಗಾಲಾ ರಾತ್ರಿ ಆದರೆ ಇನ್ನೂ ಕಟ್ಟುನಿಟ್ಟು, ಕಪ್ಪು-ಬಿಳುಪು ಅಂತ ಒಂದು ರಾತ್ರಿ, ಮುಖವಾಡ ಹಾಕಿಕೊಂಡು ಬನ್ನಿ ಅಂತ ಇನ್ನೊಂದು ರಾತ್ರಿ. ಇದು ನಮ್ಮಿಂದಾಗದು ಅನ್ನುವವರಿಗೆ ಬೇರೆ ಜಾಗಗಳ ಪಟ್ಟಿ ಕೊಡುತ್ತಾರೆ: ಕಿಂಗ್ಸ್ ಕೋರ್ಟ್ ಅನ್ನುವ ಬಫೆ, ಗೋಲ್ಡನ್ ಲಯನ್ ಅನ್ನುವ ಪಬ್ಬು, ಹೀಗೆ. ನೀವು ಮೈಲಿಗೆ, ಆ ಕಡೆ ಎಲೆ ಹಾಕಿದ್ದೇವೆ, ಅಲ್ಲಿ ಕೂತ್ಕೊಳ್ಳಿ. ಮಡಿ ಉಟ್ಟವರಲ್ಲೂ ಕೋಣೆಗೆ ಎಷ್ಟು ದುಡ್ಡು ಕೊಟ್ಟಿದ್ದೀರಿ ಅನ್ನುವುದರ ಮೇಲೆ ಬೇರೆ ಬೇರೆ ಊಟದ ಮನೆ. ಜಾಸ್ತಿ ಕೊಟ್ಟವರಿಗೆ ಕ್ವೀನ್ಸ್ ಗ್ರಿಲ್, ಸ್ವಲ್ಪ ಕಮ್ಮಿಯವರಿಗೆ ಪ್ರಿನ್ಸೆಸ್ ಗ್ರಿಲ್, ಮಿಕ್ಕ ಬಹುಪಾಲು ಜನಕ್ಕೆ ಬ್ರಿಟಾನಿಯಾ. ಒಂದೇ ಸೂರಿನಡಿ ಬೇರೆ ಬೇರೆ ಸಾಲು ಹಾಕಿ ಬಡಿಸುವುದಕ್ಕೆ ನಮ್ಮಲ್ಲಿ ಒಂದು ಹಳೇ ಹೆಸರಿದೆ. ಹೇಳಿಕೊಳ್ಳುವಂಥ ಹೆಸರೇನಲ್ಲ.

ವ್ಯತ್ಯಾಸ ಇಷ್ಟೇ. ನಮ್ಮ ಮಠಗಳಲ್ಲಿ ಪಂಕ್ತಿಗೆ ಕೂರಬೇಕಾದರೆ ಅಂಗಿ ಬಿಚ್ಚಬೇಕು, ಅಲ್ಲಿ ಅಂಗಿಯ ಮೇಲೆ ಇನ್ನೊಂದು ಹಾಕಬೇಕು.

ಹಡಗಿನವರ ಮಡಿಗೂ ಶಾಸ್ತ್ರ, ಸಂಪ್ರದಾಯ ಎಲ್ಲ ಇದೆ. ಹಳೇ ಕಾಲದ ಸ್ಟೀಮರುಗಳಲ್ಲಿ ಮೊದಲ ರಾತ್ರಿ ಯಾರೂ ಡ್ರೆಸ್ ಮಾಡಿಕೊಳ್ಳುತ್ತಿರಲಿಲ್ಲ, ಟ್ರಂಕು ಬಿಚ್ಚಿರುವುದಿಲ್ಲವಲ್ಲ. ಈಗಲೂ ಫಾರ್ಮಲ್ ರಾತ್ರಿ ಸಾಮಾನ್ಯವಾಗಿ ಎರಡನೇ ದಿನ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗುವಾಗ ಬೆಂಜಮಿನ್ ಗುಗನ್‌ಹೈಮ್ ಅನ್ನುವ ಕೋಟ್ಯಧೀಶರು ಬೆಚ್ಚನೆ ಸ್ವೆಟರು, ಲೈಫ್ ಜಾಕೆಟ್ಟು ತೆಗೆದು ಸಂಜೆಯ ಸೂಟು ಹಾಕಿಕೊಂಡು ನಿಂತರು ಅಂತ ಬದುಕುಳಿದವರು ಹೇಳಿದ್ದಾರೆ. ಅದು ಘನತೆಯೋ ಅಭ್ಯಾಸಬಲವೋ, ಸತ್ತವರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಬದುಕಿದ್ದು, ಹೊಟ್ಟೆ ತುಂಬಿದ್ದು, ಬೆಳಗ್ಗೆಯಿಂದ ಈಜುಕೊಳದ ಪಕ್ಕ ಒದ್ದೆ ಚಡ್ಡಿಯಲ್ಲಿ ಬಿದ್ದುಕೊಂಡು ಐದು ತುಂಡು ಪಿಜ್ಜಾ ತಿಂದ ಮನುಷ್ಯ, ಸಂಜೆ ಆರಕ್ಕೆ ಏಕಾಏಕಿ ಏಳನೇ ಎಡ್ವರ್ಡ್ ಆಗುವುದಿದೆಯಲ್ಲ, ಅದನ್ನು ನೋಡಿ ನಗಬಾರದು ಅಂದರೆ ಹೇಗೆ?

ನನ್ನ ಹೆಂಡತಿಗೆ ಈ ಯಾವ ತಲೆಬಿಸಿಯೂ ಇರಲಿಲ್ಲ. ಹೆಂಗಸರ ಪಟ್ಟಿಯಲ್ಲಿ ಗೌನು, ಕಾಕ್‌ಟೈಲ್ ಡ್ರೆಸ್ಸು, ಪ್ಯಾಂಟ್‌ಸೂಟು ಅಂತೆಲ್ಲ ಬರೆದಿತ್ತು. ಅವಳು ಓದಲೇ ಇಲ್ಲ. 23 ಕಿಲೋ ಸೂಟ್‌ಕೇಸಿನಲ್ಲಿ ಆರು ಸೀರೆ, ಉಳಿದಿದ್ದಕ್ಕೆ ಚಟ್ನಿಪುಡಿ. ಫಾರ್ಮಲ್‌ಗೆ ಮೈಸೂರು ಸಿಲ್ಕು. ಅಂದಹಾಗೆ ಮೈಸೂರಿನ ರೇಷ್ಮೆ ಫ್ಯಾಕ್ಟರಿ ಶುರುವಾಗಿದ್ದೂ ಅದೇ 1912ರಲ್ಲಿ, ಅದು ಇನ್ನೂ ಮುಳುಗಿಲ್ಲ. ಅಲಾಸ್ಕಾ ಚಳಿ ಅಂತ ಸೀರೆಯೊಳಗೆ ಥರ್ಮಲ್ಲು, ಸೀರೆ ಮೇಲೆ ಸ್ವೆಟರು, ಕಾಲಿಗೆ ಸ್ಪೋರ್ಟ್ಸ್ ಶೂ, ತಲೆಗೆ ಮಂಕಿ ಟೋಪಿ. ಊಟದ ಹಾಲಿನ ಬಾಗಿಲಲ್ಲಿ ಟೋಪಿ ಒಂದು ತೆಗೆದಳು ಅಷ್ಟೇ. ಮೂರು ಜನ ಅಮೆರಿಕನ್ ಹೆಂಗಸರು ಬಂದು ಸೆಲ್ಫಿ ತೆಗೆಸಿಕೊಂಡರು. ಶೂ ಯಾರಿಗೂ ಕಾಣಲಿಲ್ಲ. ಸೀರೆಗೆ ಕ್ಯಾಷುವಲ್ಲೂ ಇಲ್ಲ, ಫಾರ್ಮಲ್ಲೂ ಇಲ್ಲ, ಜರಿ ಎಷ್ಟು ಅನ್ನುವುದೊಂದೇ ಲೆಕ್ಕ.

ನಾನು ಬಾಡಿಗೆ ಟಕ್ಸಿಡೊ ಒಲ್ಲೆ ಅಂದುಬಿಟ್ಟಿದ್ದೆ. ಬೇರೆಯವರ ಮದುವೆಯ ಬೆವರನ್ನು ನಾನು ಯಾಕೆ ಉಡಬೇಕು? ಇಗೋ ಮತ್ತೆ ಅಜ್ಜಿ ಮಾತು ಬಂತು. ಜರಿ ಅಂಚಿನ ಪಂಚೆ, ಬಿಳಿ ಜುಬ್ಬ, ಹೆಗಲಿಗೆ ಶಲ್ಯ ಇಟ್ಟುಕೊಂಡಿದ್ದೆ. ಮಗ ನೋಡಿ, "ಅಪ್ಪ, ಒಳಗೆ ಬಿಡದೇ ಇದ್ರೆ?" ಅಂದ. ಅವನ ಹೆದರಿಕೆಯಲ್ಲಿ ಅರ್ಥವಿಲ್ಲ ಅನ್ನಲಾರೆ, ಪಾಪ ನಮ್ಮ ದೇಶದಲ್ಲಿ ಬೆಳೆದ ಹುಡುಗ. 2014ರಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬಿನಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆ ಉಟ್ಟಿದ್ದಾರೆ ಅಂತ ಹೊರಗೆ ನಿಲ್ಲಿಸಿದರು, ತಮಿಳುನಾಡು ಸರ್ಕಾರ ಅದಕ್ಕಾಗಿ ಕಾನೂನನ್ನೇ ತರಬೇಕಾಯಿತು. 2024ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಮಾಲೊಂದರಲ್ಲಿ ಹಾವೇರಿ ಕಡೆಯ ವಯಸ್ಸಾದ ರೈತರನ್ನು, ಮಗನ ಜೊತೆ ಸಿನಿಮಾ ನೋಡಲು ಬಂದವರನ್ನು, ಪಂಚೆಯ ಕಾರಣಕ್ಕೆ ತಡೆದರು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಏಳು ದಿನ, ನಮ್ಮ ಕ್ರೂಸಿನಷ್ಟೇ. ಅತ್ತ ಪಕ್ಕಾ ಇಂಗ್ಲಿಷ್ ಹಡಗಾದ ಕ್ವೀನ್ ಮೇರಿಯ ಗಾಲಾ ನಿಯಮದಲ್ಲೇ ನಿಮ್ಮ ನಾಡಿನ ಫಾರ್ಮಲ್ ಉಡುಪು ಆಗುತ್ತದೆ ಅಂತ ಬರೆದಿದೆ. ಸ್ಕಾಟ್‌ಲೆಂಡಿನ ಗಂಡಸರು ಲಂಗದಂಥ ಕಿಲ್ಟು ಉಟ್ಟುಕೊಂಡು ಬರುತ್ತಾರಲ್ಲ, ಅವರನ್ನು ಬಿಟ್ಟು ನಮ್ಮನ್ನು ತಡೆಯುವುದು ಹೇಗೆ.

ನಮ್ಮ ಹಡಗಿನ ಬಾಗಿಲಲ್ಲಿ ಏನೂ ಆಗಲಿಲ್ಲ. ಹೆಡ್ ವೇಟರು ನನ್ನನ್ನು ಕೆಳಗಿಂದ ಮೇಲೆ ನೋಡಿ, ಬಗ್ಗಿ, ಕುರ್ಚಿ ಎಳೆದುಕೊಟ್ಟ. ಪಕ್ಕದ ಟೇಬಲ್ಲಿನಲ್ಲಿ ಒಬ್ಬ ದಪ್ಪ ಮನುಷ್ಯ, ಎದೆ ಮೇಲೆ ಕೋಟು, ಬೋ, ಗುಂಡಿ ಎಲ್ಲ ಅಚ್ಚು ಹಾಕಿದ ಟೀಶರ್ಟು ಹಾಕಿಕೊಂಡು ಕೂತಿದ್ದ. ಅವನನ್ನೂ ಯಾರೂ ಏನೂ ಅನ್ನಲಿಲ್ಲ. ನನ್ನ ಮಗ ಒಬ್ಬನೇ ಬಾಡಿಗೆ ಕಾಲರಿನೊಳಗೆ ಬೆರಳು ತೂರಿಸಿಕೊಂಡು ಕೆರೆಯುತ್ತಾ ಕೂತ.

ನಮಗೆ ಬಡಿಸುತ್ತಿದ್ದ ಹುಡುಗ ಮಂಗಳೂರು ಕಡೆಯವನು. ಹಡಗು ಕೆಲಸಕ್ಕೆ ಆ ಕಡೆಯಿಂದ, ಗೋವಾದಿಂದ ತುಂಬ ಜನ ಹೋಗುತ್ತಾರೆ. ಮೊದಲ ರಾತ್ರಿಯೇ ನನ್ನ ಹೆಂಡತಿ ಚಟ್ನಿಪುಡಿ ಡಬ್ಬಿ ತೆಗೆದಾಗ ಕಂಡುಹಿಡಿದುಬಿಟ್ಟಿದ್ದ. ಅವನನ್ನೇ ಕೇಳಿದೆ, ಈ ಡ್ರೆಸ್ಸಿನ ವಿಷಯ ನಿಜವಾಗಿ ಯಾರು ನೋಡುತ್ತಾರೆ ಅಂತ. "ನೀವು ಮಂಡೆಬಿಸಿ ಮಾಡ್ಬೇಡಿ ಮಾರಾಯ್ರೆ. ನಾವು ನೋಡುದು ಎರಡೇ, ಈಜುವ ಚಡ್ಡಿ ಉಂಟಾ, ತಲೆಗೆ ಟೋಪಿ ಉಂಟಾ. ಬಾಕಿ ಎಲ್ಲ ಗೆಸ್ಟುಗಳೇ ಒಬ್ಬರನ್ನೊಬ್ಬರು ನೋಡಿಕೊಳ್ತಾರೆ." ಇದನ್ನು ಹೇಳುವಾಗ ಅವನು ಏಳಕ್ಕೆ ಏಳೂ ರಾತ್ರಿ ಹಾಕುವ ಬೋ ಟೈ ಹಾಕಿದ್ದ. ಅವನ ಕಾಂಟ್ರಾಕ್ಟು ತಿಂಗಳುಗಟ್ಟಲೆ. ಹಡಗಿನಲ್ಲಿ ದಿನಾ ಫಾರ್ಮಲ್ ಆಗಿರುವವರು ಬಡಿಸುವವರು ಮಾತ್ರ.

ಊಟದ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಇಷ್ಟೆಲ್ಲ ಮಡಿ ಉಟ್ಟು ಕೂತ ಸಸ್ಯಾಹಾರಿಗೆ ಬಂದಿದ್ದು ನಾಲ್ಕು ಬೇಯಿಸಿದ ಹೂಕೋಸು, ಅದರ ಸುತ್ತ ಯಾರೋ ಬ್ರಷ್ಷಿನಲ್ಲಿ ಎಳೆದ ಸಾಸು. ಮರುದಿನದಿಂದ ಆ ಹುಡುಗ ಅಡುಗೆಮನೆಗೆ ಹೇಳಿ ದಾಲ್ ಮಾಡಿಸಿದ.

ಮಡಿಯ ಗುಟ್ಟು ಗೊತ್ತಾಗಿದ್ದು ಊಟ ಮುಗಿಸಿ ಹೊರಗೆ ಬಂದಾಗ. ಹಡಗಿನ ನಡುವೆ ಭಾರಿ ಅಂದದ ಮೆಟ್ಟಿಲಿದೆ. ಅದರ ಮುಂದೆ ಪರದೆ ಕಟ್ಟಿದ್ದಾರೆ. ಪರದೆ ಮೇಲೆ ಏನು ಚಿತ್ರ? ಅಂದದ ಮೆಟ್ಟಿಲು! ಅದರ ಮುಂದೆ ಜನ ಕ್ಯೂ ನಿಂತಿದ್ದಾರೆ, ಟಕ್ಸಿಡೊ, ಗೌನು, ಮುತ್ತಿನ ಸರ. ಫೋಟೋದವರು ಗಲ್ಲ ಎತ್ತಿ, ಭುಜ ತಿರುಗಿಸಿ, ಬಟನ್ ಒತ್ತುತ್ತಿದ್ದಾರೆ. ಮರುದಿನ ಗೋಡೆ ತುಂಬ ನಮ್ಮ ಮುಖಗಳು. ಒಂದೊಂದಕ್ಕೆ ಇಪ್ಪತ್ತು ಡಾಲರಿಗೂ ಜಾಸ್ತಿ. ಹರಿದ ಜೀನ್ಸು ಹಾಕಿಕೊಂಡವನು ಫೋಟೋ ಕೊಳ್ಳುತ್ತಾನಾ? ಕೊಳ್ಳಲ್ಲ. ವರ್ಷಕ್ಕೊಂದು ಸಲ ಕೋಟು ಹಾಕಿದವನು, ಹೊಟ್ಟೆ ಒಳಗೆಳೆದು ನಿಂತವನು, ಅವನು ಕೊಳ್ಳುತ್ತಾನೆ. ನಮ್ಮ ಆರತಕ್ಷತೆಯಲ್ಲೂ ಊಟಕ್ಕಿಂತ ಮೊದಲು ಫೋಟೋ, ಆ ಫೋಟೋಗೋಸ್ಕರವೇ ಆ ಸೂಟು. ಅಲ್ಲಿ ಸದ್ಯ ಯಾರಾದರೂ ಕೈಗೆ ಕವರ್ ಕೊಡುತ್ತಿದ್ದರು. ಇಲ್ಲಿ ನಾವೇ ಕೊಡಬೇಕು.

ನಮ್ಮದೂ ಒಂದಿತ್ತು ಗೋಡೆ ಮೇಲೆ. ನಾನು ತಿರುಪತಿಗೆ ಹೊರಟವನ ಹಾಗೆ, ಮಗ ಯಾರದೋ ಬಾಡಿಗಾರ್ಡ್ ಹಾಗೆ. ಕೊಳ್ಳಲಿಲ್ಲ. ಹೆಂಡತಿ ಫೋನಿನಲ್ಲಿ ಆ ಫೋಟೋದ್ದೇ ಫೋಟೋ ತೆಗೆಯಲು ಹೋದಳು, ಹಾಗೆ ಮಾಡಬಾರದು ಅಂತ ಪಕ್ಕದಲ್ಲೇ ಬೋರ್ಡು.

ಕೊನೆಯ ರಾತ್ರಿ ಹಡಗಿನಲ್ಲಿ ಇನ್ನೊಂದು ಪದ್ಧತಿ. ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ರಾತ್ರಿ ಹನ್ನೊಂದರೊಳಗೆ ಕೋಣೆಯ ಹೊರಗೆ ಇಟ್ಟುಬಿಡಬೇಕು. ಅವರು ರಾತ್ರೋರಾತ್ರಿ ಒಯ್ಯುತ್ತಾರೆ, ಮತ್ತೆ ಸಿಗುವುದು ಬಂದರಿನಲ್ಲೇ. ಏಳು ದಿನ ನಮ್ಮೆಲ್ಲರ ಕಾಲರು, ಬೆಲ್ಟು, ಶೂ ಮೇಲೆ ಕಣ್ಣಿಟ್ಟಿದ್ದ ನನ್ನ ಮಗ ಬಹಳ ಶಿಸ್ತಿನಿಂದ ಎಲ್ಲ ಮಡಿಸಿ, ತುಂಬಿ, ಹತ್ತೂಕಾಲಿಗೇ ಹೊರಗಿಟ್ಟ.

ಬೆಳಿಗ್ಗೆ ಆರೂವರೆಗೆ ನಮ್ಮ ಬಾಗಿಲು ಬಡಿಯಿತು. ತೆಗೆದರೆ ಮಗ. ಮೇಲೆ ಟೀಶರ್ಟು, ಕೆಳಗೆ ರಾತ್ರಿ ಮಲಗುವ ಚಿಕ್ಕ ಚಡ್ಡಿ. ಸಿಯಾಟಲ್‌ನಲ್ಲಿ ಹೊರಗೆ ಮಳೆ. ಇಳಿದ ಮೇಲೆ ಇಮಿಗ್ರೇಶನ್ ಕ್ಯೂ ಬೇರೆ.

"ಅಪ್ಪ, ನಿಮ್ಮ ಆ ಪಂಚೆ ಹ್ಯಾಂಡ್‌ಬ್ಯಾಗಲ್ಲೇ ಇದೆಯಾ?"

ಇತ್ತು. "ಕಚ್ಚೆ ಹಾಕ್ಕೊಡ್ಲೋ, ಸುಮ್ನೆ ಸುತ್ಕೋತೀಯೋ?" ಅಂದೆ.

ಅವನು ಒಂದು ನಿಮಿಷ ಯೋಚನೆ ಮಾಡಿದ. "ಎರಡರಲ್ಲಿ ಸ್ಮಾರ್ಟ್ ಕ್ಯಾಷುವಲ್ ಯಾವುದು?"