ಟೈಪಿಂಗ್ ಕಲಿಯೋಕೆ ಮೂರು ವರ್ಷ ಬೇಕಾ ಅಂತ ಕೇಳಿದ ಅಣ್ಣನಿಗೆ

ದಾವಣಗೆರೆಯಿಂದ ಅಣ್ಣ ಫೋನ್ ಮಾಡಿದ್ದ. ಮಗಳ ಎಸ್ಸೆಸ್ಸೆಲ್ಸಿ ಮುಗಿದಿದೆ, ಒಳ್ಳೆ ಅಂಕ ಬಂದಿವೆ. ಆದರೆ ಅವಳು ಸೈನ್ಸ್ ಬೇಡ, ಪಾಲಿಟೆಕ್ನಿಕ್ ಸೇರಿ ಕಮರ್ಷಿಯಲ್ ಪ್ರಾಕ್ಟೀಸ್, ಅಂದರೆ ಆಫೀಸ್ ಕೆಲಸ ಕಲಿಸುವ ಡಿಪ್ಲೊಮಾ ಮಾಡ್ತೀನಿ ಅಂತ ಪಟ್ಟು ಹಿಡಿದು ಕೂತಿದ್ದಾಳೆ. "ಅಲ್ಲೋ, ಟೈಪಿಂಗ್ ಕಲಿಯೋಕೆ ಮೂರು ವರ್ಷ ಕಾಲೇಜಿಗೆ ಹೋಗ್ಬೇಕೇನೋ? ನೀನಾದ್ರೂ ಬುದ್ಧಿ ಹೇಳು" ಅಂದ. ನಾನು ಅವಳಿಗೆ ಏನೂ ಹೇಳಲಿಲ್ಲ. ಅಣ್ಣನಿಗೇ ಹೇಳಲು ಹೋದೆ, ಫೋನಿನಲ್ಲಿ ಮಾತು ಮಾತಿಗೆ ಬೆಳೀತು, ಅರ್ಧಕ್ಕೇ ನಿಂತಿತು. ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಣ್ಣನ ಹಾಗೆ ಕೇಳುವವರು ನಮ್ಮೂರಲ್ಲಿ ಬಹಳ ಜನ ಇದ್ದಾರೆ.

ನಾನು ದುಬೈಗೆ ಬಂದು 11 ವರ್ಷ ಆಯಿತು. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಸೈಟ್ ಎಂಜಿನಿಯರ್. ಬಂದ ಹೊಸತರಲ್ಲಿ ನಮ್ಮ ಸೈಟ್ ಆಫೀಸಿನಲ್ಲಿ ಫಿಲಿಪ್ಪೀನ್ಸಿನ ಒಬ್ಬ ಮಹಿಳೆ ಇದ್ದರು. ಡಾಕ್ಯುಮೆಂಟ್ ಕಂಟ್ರೋಲರ್ ಅಂತ ಅವರ ಹುದ್ದೆ. ಅಂದರೆ ಏನೋ ಫೈಲ್ ಜೋಡಿಸಿಡುವ ಕೆಲಸ ಅಂದುಕೊಂಡಿದ್ದೆ. ಒಂದು ಕಟ್ಟಡಕ್ಕೆ ಸಾವಿರಾರು ಡ್ರಾಯಿಂಗ್ ಇರುತ್ತವೆ, ಒಂದೊಂದೂ ಮೂರು ಸಲ, ನಾಲ್ಕು ಸಲ ಬದಲಾಗುತ್ತದೆ. ಪ್ರತಿ ಬದಲಾವಣೆಗೂ ಒಂದು ರಿವಿಜನ್ ಗುರುತು. ಹೊಸದು ಬಂದ ಕೂಡಲೇ ಹಳೆಯದಕ್ಕೆ ರದ್ದಾಗಿದೆ ಅನ್ನುವ ಮುದ್ರೆ ಬೀಳಬೇಕು, ಹೊಸದು ಯಾರ ಕೈಗೆ ಯಾವತ್ತು ಹೋಯಿತು ಅನ್ನೋದಕ್ಕೆ ಸಹಿ ಇರಬೇಕು. ಒಂದು ದಿನ ನಾನು ಅವರ ಟೇಬಲ್ಲಿಗೆ ಹೋಗುವಷ್ಟು ಪುರುಸೊತ್ತು ಮಾಡಿಕೊಳ್ಳದೆ, ನನ್ನ ಡ್ರಾಯರ್‌ನಲ್ಲಿದ್ದ ಪ್ರತಿಯನ್ನೇ ಫೋರ್‌ಮನ್‌ಗೆ ಕೊಟ್ಟುಬಿಟ್ಟೆ. ಅದು ಹಿಂದಿನ ರಿವಿಜನ್. ಸ್ಲ್ಯಾಬಿನಲ್ಲಿ ಪೈಪ್ ಹೋಗಲು ಬಿಡಬೇಕಾದ ಕಿಂಡಿಗಳೆಲ್ಲ ತಪ್ಪು ಜಾಗದಲ್ಲಿ ಬಂದವು. ಗಟ್ಟಿಯಾದ ಕಾಂಕ್ರೀಟನ್ನು ಮೆಷಿನ್ ತರಿಸಿ ಕೊರೆಸಬೇಕಾಯಿತು. ಹೊಸ ಡ್ರಾಯಿಂಗ್ ಬಂದಿದೆ ಅಂತ ನನಗೆ ಮೂರು ದಿನ ಮೊದಲೇ ಕಳಿಸಿದ್ದ ಕಾಗದ ಅವರ ಹತ್ತಿರ ಇತ್ತು, ಅದರ ಮೇಲೆ ನನ್ನ ಸಹಿಯೂ ಇತ್ತು. ಓದದೆ ಹಾಕಿದ ಸಹಿ.

ಆಮೇಲೆ ಅವರ ಜೊತೆ ಕೂತು ಕೆಲಸ ಕಲಿತೆ. ಅವರದ್ದು ಆಫೀಸ್ ಅಡ್ಮಿನಿಸ್ಟ್ರೇಷನ್ ಪದವಿ, ನಾಲ್ಕು ವರ್ಷದ್ದು. ಕೇಳಿ ನನಗೆ ಆಶ್ಚರ್ಯವಾಯಿತು. ಶಾರ್ಟ್‌ಹ್ಯಾಂಡ್, ಕೀಬೋರ್ಡಿಂಗ್ ಇವೆ, ಜೊತೆಗೆ ದಾಖಲೆ ನಿರ್ವಹಣೆ, ಲೆಕ್ಕ, ಪತ್ರ ವ್ಯವಹಾರ, ಸಭೆ ಸಮಾರಂಭ ನಡೆಸುವುದು, ಕೊನೆಗೆ ನಿಜವಾದ ಆಫೀಸಿನಲ್ಲಿ ಇಂಟರ್ನ್‌ಶಿಪ್. ಮನಿಲಾದ ಪಾಲಿಟೆಕ್ನಿಕ್ ಯೂನಿವರ್ಸಿಟಿ ಆಫ್ ದಿ ಫಿಲಿಪ್ಪೀನ್ಸ್ ಅನ್ನುವ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ 1904ರಲ್ಲಿ ಶುರುವಾಗಿದ್ದೇ ಮನಿಲಾ ಬಿಸಿನೆಸ್ ಸ್ಕೂಲ್ ಅನ್ನುವ ಹೆಸರಿನಲ್ಲಿ, ಅಲ್ಲಿ ಈಗಲೂ ಈ ಪದವಿ ಇದೆ. ಹಾಗಂತ ಅವರ ದೇಶದಲ್ಲಿ ಎಲ್ಲರೂ ಇದನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ ಅಂತಲ್ಲ. ನರ್ಸಿಂಗ್ ಓದಲಿಲ್ಲ ಅಂತ ಅವರ ಮನೆಯಲ್ಲೂ ಬೇಜಾರಿತ್ತಂತೆ. ಆದರೆ ಆಫೀಸ್ ಕೆಲಸ ಕಲಿಯಬೇಕಾದ ಕೆಲಸ, ಸುಮ್ನೆ ಬಂದುಬಿಡುವುದಲ್ಲ ಅನ್ನುವ ತಿಳಿವಳಿಕೆ ಅಲ್ಲಿದೆ. ನಮ್ಮಲ್ಲಿ ಇಲ್ಲದಿರುವುದು ಅದೇ.

ನಮ್ಮಲ್ಲಿ ಕೋರ್ಸೇ ಇಲ್ಲ ಅನ್ನುವಂತಿಲ್ಲ. ಕಮರ್ಷಿಯಲ್ ಪ್ರಾಕ್ಟೀಸ್ ತಾಂತ್ರಿಕ ಶಿಕ್ಷಣ ಇಲಾಖೆಯ ಡಿಪ್ಲೊಮಾ, ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ. ಅದರ ಜೊತೆಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು, ಜೂನಿಯರ್, ಸೀನಿಯರ್ ಪರೀಕ್ಷೆಗಳು. ಈ ಒಂದು ವಿಷಯದಲ್ಲಿ ನಮ್ಮ ದಾರಿಯೇ ವಾಸಿ ಅಂತ ನನಗನ್ನಿಸುತ್ತದೆ. ಕೈ ಪಳಗುವವರೆಗೆ ನಮ್ಮ ಮೇಷ್ಟ್ರುಗಳು ಬಿಡುತ್ತಿರಲಿಲ್ಲ. ರಜೆಯಲ್ಲಿ ನಾನೂ ಮೂರು ತಿಂಗಳು ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಸಾಲಾಗಿ ಇಟ್ಟ ಗೋದ್ರೆಜ್ ಮೆಷಿನ್‌ಗಳ ಸದ್ದು, ಕೀಲಿ ನೋಡಿ ಹೊಡೆದರೆ ಕೈ ಮೇಲೆ ಸ್ಕೇಲ್. ಶಾರ್ಟ್‌ಹ್ಯಾಂಡ್ ಇನ್ನೂ ಕಷ್ಟ. ಕೇಂದ್ರ ಸರ್ಕಾರದ ಗ್ರೇಡ್ ಡಿ ಸ್ಟೆನೋಗ್ರಾಫರ್ ಆಗಬೇಕಾದರೆ ನಿಮಿಷಕ್ಕೆ 80 ಪದದ ವೇಗದಲ್ಲಿ ಹತ್ತು ನಿಮಿಷ ಹೇಳಿದ್ದನ್ನು ಬರೆದುಕೊಂಡು, ಇಂಗ್ಲಿಷ್ ಆದರೆ 50 ನಿಮಿಷದಲ್ಲಿ ಟೈಪ್ ಮಾಡಿ ಕೊಡಬೇಕು. ಗ್ರೇಡ್ ಸಿಗೆ 100 ಪದ. ಇದು ತಿಂಗಳೊಪ್ಪತ್ತಿನಲ್ಲಿ ಬರುವ ವಿದ್ಯೆ ಅಲ್ಲ.

ಆದರೆ ನಾವು ಕೈಗೆ ಕಲಿಸಿ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಕಾಗದ ಎಲ್ಲಿಡಬೇಕು, ಎಷ್ಟು ವರ್ಷ ಇಡಬೇಕು, ಯಾವ ಹೆಸರಿನ ಕೆಳಗೆ ಇಟ್ಟರೆ ಇನ್ನೊಬ್ಬನಿಗೆ ಸಿಗುತ್ತದೆ ಅನ್ನುವುದನ್ನು ಯಾರು ಕಲಿಸುತ್ತಾರೆ? ಎರಡು ವರ್ಷದ ಹಿಂದೆ ಊರಿಗೆ ಬಂದಾಗ ಅಪ್ಪಾಜಿಯ ಜಾಗದ ಒಂದು ಹಳೇ ಕಾಗದದ ನಕಲಿಗಾಗಿ ಒಂದು ಕಚೇರಿಗೆ ಅಲೆದೆ. ರಜೆ ಪೂರ್ತಿ ಅದರಲ್ಲೇ ಹೋಯಿತು. ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯ ಗಂಟುಗಳು ಸೂರಿನ ತನಕ. ಅಲ್ಲಿದ್ದ ಹುಡುಗ ಒಳ್ಳೆಯವನು, ನನ್ನೆದುರಿಗೇ ಒಂದೊಂದೇ ಗಂಟು ಬಿಚ್ಚಿ ನೋಡಿದ, ಧೂಳಿಗೆ ಕೆಮ್ಮುತ್ತಾ. "ಸಾರ್, ನಾನು ಬಂದು ಎಂಟು ತಿಂಗಳಾತು, ಹಿಂದಿನೋರು ಹೆಂಗಿಟ್ಟಾರೋ ಗೊತ್ತಿಲ್ಲ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆಗೆ ಸಾಮಾನ್ಯ ಜ್ಞಾನ, ಸಾಮಾನ್ಯ ಕನ್ನಡ ಓದಿ ಬಂದವನು. ಕೆಲಸಕ್ಕೆ ಸೇರಿದ ಮೇಲೆ ಇಲಾಖಾ ಪರೀಕ್ಷೆಗಳು, ತರಬೇತಿ ಇರುತ್ತವೆ ನಿಜ. ಆದರೆ ಗಂಟಿನ ರಾಶಿಗೆ ಸೂಚಿ ಹೇಗೆ ಮಾಡುವುದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರತಿ ಸಾರ್ವಜನಿಕ ಕಚೇರಿಯೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಡಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ ಬರೆದಿದೆ. ಅದನ್ನು ಮಾಡಬಲ್ಲ ಜನ ಬೇಕಲ್ವಾ?

ಕನ್ನಡದ ಕಥೆ ಇನ್ನೊಂದು. ನಮ್ಮ ಕಚೇರಿಗಳಲ್ಲಿ ವರ್ಷಗಟ್ಟಲೆ ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲುಗಳಿವೆ. ಅವು ಎಲ್ಲಾ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಚಿಹ್ನೆಗಳು, ಹೆಸರು ಹಾಕಿ ಹುಡುಕಿದರೂ ಸಿಗಲ್ಲ. ಪರಿವರ್ತಿಸಬಹುದು. ಆದರೆ ಪರಿವರ್ತನೆಯಲ್ಲಿ ಒತ್ತಕ್ಷರ ಎಲ್ಲಿ ಕೆಟ್ಟಿದೆ ಅಂತ ಸಾಲು ಸಾಲು ನೋಡಿ ತಿದ್ದಲು ಕನ್ನಡವೂ ಗೊತ್ತಿರಬೇಕು, ಕಚೇರಿಯ ಭಾಷೆಯೂ ಗೊತ್ತಿರಬೇಕು. ಮನಿಲಾದಲ್ಲಿ ಓದಿದವರು ಬಂದು ಇದನ್ನು ಮಾಡಿಕೊಡಲಾರರು. ಈಗ ಎಲ್ಲಾ ಎಐ ಮಾಡುತ್ತೆ ಅಂತ ಅಣ್ಣ ಅಂದ. ಪತ್ರ ಬರೆದುಕೊಡುತ್ತದೆ, ಸಭೆಯ ನಡಾವಳಿಯನ್ನೂ ಬರೆಯುತ್ತದೆ, ನಾವೂ ಬಳಸುತ್ತೇವೆ. ಆದರೆ ಅದಕ್ಕೆ ಹಳೇ ಡ್ರಾಯಿಂಗ್ ಕೊಟ್ಟರೆ ಹಳೇ ಡ್ರಾಯಿಂಗಿನ ಮೇಲೇ ಉತ್ತರ ಬರುತ್ತದೆ, ಯಾವುದು ಈಗಿನದು ಅಂತ ಹೇಳಬೇಕಾದವರು ಆಫೀಸಿನಲ್ಲಿ ಕೂತಿರಲೇಬೇಕು.

ಸಂಬಳದ ಬಗ್ಗೆ ಅಣ್ಣನಿಗಿರುವ ಹೆದರಿಕೆ ಸುಳ್ಳಲ್ಲ. ಡಿಪ್ಲೊಮಾ ಮುಗಿಸಿದ ಕೂಡಲೇ ದಾವಣಗೆರೆಯಲ್ಲಿ ದೊಡ್ಡ ಪಗಾರ ಸಿಗೋದು ಕಷ್ಟ. ಅದು ನನಗೂ ಗೊತ್ತು. ಆದರೆ "ಹುಡುಗಿಯರ ಕೋರ್ಸು, ಏನೋ ಒಂದು" ಅನ್ನುವ ಮಾತನ್ನು ಮಾತ್ರ ನಾನು ಒಪ್ಪಲ್ಲ. ನಮ್ಮ ಮನೆ ನಡೆದಿದ್ದೇ ಈ ಕೆಲಸದಿಂದ. ಅಪ್ಪಾಜಿ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯಲ್ಲಿ 30 ವರ್ಷ ಗುಮಾಸ್ತರಾಗಿದ್ದರು. ಮೆಕ್ಕೆಜೋಳದ ಸೀಜನ್ನಿನಲ್ಲಿ ದಿನಕ್ಕೆ ನೂರಾರು ತಕ್‌ಪಟ್ಟಿ, ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು ಕಳೆದು ರೈತನ ಕೈಗೆ ಎಷ್ಟು. ರಾತ್ರಿ ಕಿರ್ದಿಯಿಂದ, ಅಂದರೆ ದಿನದ ಲೆಕ್ಕದ ಪುಸ್ತಕದಿಂದ, ಖಾತೆಗೆ ಏರಿಸದೆ ಮನೆಗೆ ಬಂದವರಲ್ಲ. ಬಸವರಾಜಪ್ಪ ಅನ್ನುವ ಹೆಸರಿನ ರೈತರೇ ಎಷ್ಟೋ ಜನ ಇದ್ದಿದ್ದರಿಂದ ಅವರು ಮೊದಲು ಊರು ಬರೆಯುತ್ತಿದ್ದರು, ಆನಗೋಡು, ಮಾಯಕೊಂಡ, ಜಗಳೂರು ಅಂತ, ಆಮೇಲೆ ತಂದೆಯ ಹೆಸರು, ಕೊನೆಗೆ ರೈತನ ಹೆಸರು. ಇದನ್ನು ಆ ಫಿಲಿಪ್ಪೀನ್ಸಿನ ಸಹೋದ್ಯೋಗಿಗೆ ಹೇಳಿದಾಗ, ಇದು ನಮ್ಮ ಪಠ್ಯದಲ್ಲೇ ಇದೆ, ಜಿಯಾಗ್ರಫಿಕ್ ಫೈಲಿಂಗ್ ಅಂತ ಒಂದು ಪಾಠ ಅಂದರು. ಅಪ್ಪಾಜಿಗೆ ಅದು ಕಲಿತ ವಿದ್ಯೆ ಅಂತ ಯಾರೂ ಒಂದು ದಿನವೂ ಹೇಳಲಿಲ್ಲ. ನಾವು ಮಕ್ಕಳೂ ಹೇಳಲಿಲ್ಲ. ಅದು ನನಗೆ ಈಗ ತುಂಬಾ ನೋವು ಕೊಡುತ್ತದೆ.

ಅಡ್ಮಿಷನ್ ಇನ್ನೂ ಆಗಿಲ್ಲ, ಅಣ್ಣ ಯೋಚನೆ ಮಾಡ್ತಿದ್ದಾನೆ. ಅಷ್ಟರಲ್ಲಿ ಅವನ ಮಗಳು ಅಪ್ಪಾಜಿಯ ಬೀರು ತೆಗೆದು ಹಳೇ ಪುಸ್ತಕ, ಪಟ್ಟಿ, ರಸೀದಿಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಲು ಕೂತಿದ್ದಾಳೆ, ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮೊನ್ನೆ ಶುಕ್ರವಾರ ಒಂದು ಫೋಟೊ ಕಳಿಸಿ ಕೇಳಿದಳು: "ಚಿಕ್ಕಪ್ಪಾ, ಈ ಅಂಗಡಿ ಹೆಸರು ನಡುವೆ ಬದಲಾಗಿದೆ. ಯಾವ ಹೆಸರಲ್ಲಿ ಇಡಲಿ?" ನನಗೆ ಗೊತ್ತಿರಲಿಲ್ಲ. ಸಹೋದ್ಯೋಗಿಯನ್ನು ಕೇಳಿ ಬರೆದೆ, ಎಲ್ಲಾ ಕಾಗದ ಹೊಸ ಹೆಸರಿನಲ್ಲಿ ಒಂದೇ ಕಡೆ ಇಡು, ಹಳೇ ಹೆಸರಿನ ಜಾಗದಲ್ಲಿ ಒಂದು ಚೀಟಿ ಇಟ್ಟು, ಇಂಥಾ ಹೆಸರಿನಲ್ಲಿ ನೋಡಿ ಅಂತ ಬರಿ. ಹತ್ತು ನಿಮಿಷಕ್ಕೆ ಚೀಟಿಯ ಫೋಟೊ ಬಂತು. ಅದರ ಮೇಲಿದ್ದಿದ್ದು ಅಪ್ಪಾಜಿಯ ಕೈಬರಹ.