ಐದು ಕಡ್ಡಿಯ ಮೂತಿ

ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್-1 ಒತ್ತಿರಿ ಎಂದು ಅಪ್ಪಣೆ ಕೊಡುವ ಯಂತ್ರದೆದುರು ಮಳೆಗಾಲದ ಒಂದಿಡೀ ಮಧ್ಯಾಹ್ನ ಕುಳಿತವರಿಗೆ ಮಾತ್ರ ನನ್ನ ಸಿಟ್ಟು ಅರ್ಥವಾದೀತು. ಎಲ್ಲಿ ಒತ್ತಲಿ ಎಂದು ಅದನ್ನು ಕೇಳುವಂತಿಲ್ಲ. ಕೇಳಲಿಕ್ಕೂ ಕೀಬೋರ್ಡೇ ಬೇಕು.

ಯಂತ್ರ ಚಿಕ್ಕಪ್ಪನದು. ಶಿರಸಿ ಸೀಮೆಯ ನಮ್ಮ ಮನೆಯ ಮೆತ್ತಿಯ ಮೇಲೆ, ಅಡಿಕೆ ಚೀಲಗಳ ಪಕ್ಕದಲ್ಲಿ, ಇಪ್ಪತ್ತು ವರ್ಷ ಹಳೆಯ ಕಂಬಳಿ ಹೊದ್ದು ಕುಳಿತಿದ್ದ 386 ಎಂಬ ಹಳೇ ಜಾತಿಯ ಕಂಪ್ಯೂಟರು. ತೊಂಬತ್ತರ ದಶಕದಲ್ಲಿ ಅವನು ಅಂಗಳದ ಮಳೆಮಾಪಕದ ಲೆಕ್ಕವನ್ನು ದಿನವೂ ಬೆಳಿಗ್ಗೆ ಅದರಲ್ಲಿ ದಾಖಲಿಸುತ್ತಿದ್ದ. "ಮೊದಲಿನಂಥ ಮಳೆ ಈಗ ಎಲ್ಲಿದ್ದು, ತಮಾ?" ಎಂದು ಅವನು, ಅದೆಲ್ಲ ನೆನಪಿನಲ್ಲಿ ಸುರಿದ ಮಳೆ ಎಂದು ನಾನು, ಊಟಕ್ಕೆ ಕುಳಿತಾಗಲೆಲ್ಲ ಜಗ್ಗಾಡಿ, ಕೊನೆಗೆ ಆ ಲೆಕ್ಕವನ್ನೇ ತೆರೆದು ನೋಡುವುದೆಂದು ತೀರ್ಮಾನವಾಯಿತು. ಅದರ ಕೀಬೋರ್ಡಿನ ತಂತಿಯನ್ನು ಇಲಿ ಕಡಿದು ಹಾಕಿತ್ತು. ಬೇರೊಂದನ್ನು ಚುಚ್ಚಿದರಾಯಿತು ಎಂದುಕೊಂಡೆ.

ಪೇಟೆಯ ಅಂಗಡಿಯ ಹುಡುಗ ಯಂತ್ರದ ಬೆನ್ನಿನ ಫೋಟೋ ನೋಡಿ, "ಇವೆಲ್ಲ ಈಗ ಬರೂದಿಲ್ಲ ಸರ್" ಎಂದ. ಈ 'ಬರುವುದಿಲ್ಲ' ಎಂಬ ಮಾತಿನ ಮೇಲೆ ನನಗೆ ತೀರದ ಕೋಪವಿದೆ. ಸಾಮಾನುಗಳೆಂದರೆ ಹಲಸಿನ ಹಣ್ಣಿನಂತೆ ಋತು ನೋಡಿ ತಾವಾಗಿ ಬಂದು ತಾವಾಗಿ ಹೋಗುತ್ತವೆಯೋ ಎಂಬಂತೆ ಇವರು ಹೇಳುತ್ತಾರೆ. ತರಿಸದೆ ಇರುವವರು ತಾವೇ ಎಂಬುದು ಆ ವಾಕ್ಯದೊಳಗೆ ಎಲ್ಲಿಯೂ ಕಾಣುವುದಿಲ್ಲ. ಕೊನೆಗೆ ಅವನೇ ಒಂದು ಯುಎಸ್‌ಬಿ ಕೀಬೋರ್ಡನ್ನೂ ನೇರಳೆ ಬಣ್ಣದ ಒಂದು ಅಡಾಪ್ಟರನ್ನೂ ದಾಟಿಸಿದ. ಅಡಾಪ್ಟರಿನ ಆರು ಕಡ್ಡಿಯ ಸಣ್ಣ ಮೂತಿ ಐಬಿಎಂ 1987ರಲ್ಲಿ ತಂದ ಪಿಎಸ್/2 ಯಂತ್ರಗಳ ಕಾಲದ್ದು. ನಮ್ಮದಕ್ಕೆ ಬೇಕಾದದ್ದು ಅದಕ್ಕೂ ಹಿಂದಿನ, ಹೆಬ್ಬೆರಳಿನಷ್ಟು ದಪ್ಪದ, ಐದು ಕಡ್ಡಿಯದು. ಆರನ್ನು ಐದಕ್ಕೆ ಇಳಿಸುವ ಇನ್ನೊಂದು ತುಂಡನ್ನು ಭಾವ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆದು ತಂದ. ಒಂದರ ಬಾಲಕ್ಕೊಂದು ಜೋಡಿಸಿದಾಗ ಎಲ್ಲವೂ ಸಲೀಸಾಗಿ ಕೂತವು. ಕೀಬೋರ್ಡಿನ ದೀಪ ಮಾತ್ರ ಹತ್ತಲಿಲ್ಲ. ಆ ನೇರಳೆ ತುಂಡಿನೊಳಗೆ ಬುದ್ಧಿಯೇನೂ ಇಲ್ಲ, ಬರೀ ತಂತಿಯಿದೆ ಎಂಬುದು ಆಮೇಲೆ ತಿಳಿಯಿತು. ಹಳೆಯ ಭಾಷೆ ಕೀಬೋರ್ಡಿಗೇ ಬರುತ್ತಿದ್ದರೆ ಅದು ದಾಟಿಸುತ್ತದೆ. ಈಗಿನ ಬಹಳಷ್ಟು ಕೀಬೋರ್ಡುಗಳಿಗೆ ಆ ಭಾಷೆ ಬಾರದು.

ಐದು ಕಡ್ಡಿಯದೇ ಕೀಬೋರ್ಡು ತಮ್ಮಲ್ಲಿದೆ ಎಂದು ಹೇಳಿಕಳಿಸಿದವರು ಪೇಟೆಯ ಹಳೆಯ ರೇಡಿಯೋ ರಿಪೇರಿಯವರು. ಹೋದರೆ ಅವರು ಕೀಬೋರ್ಡನ್ನು ತೋರಿಸುವ ಬದಲು ಬಿಸ್ಕತ್ತಿನ ಡಬ್ಬಿಯೊಂದನ್ನು ತೆರೆದು, ಅದರೊಳಗಿನ ವಯರುಗಳ ಗಂಟಿನಿಂದ ಟೇಪ್ ರೆಕಾರ್ಡರಿನ ಪಿನ್ನೊಂದನ್ನು ಎಳೆದು ಮುಂದಿಟ್ಟರು. ಅದೇ ಐದು ಕಡ್ಡಿ, ಅದೇ ಅರ್ಧಚಂದ್ರದ ಸಾಲು. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ 'ಡಿನ್' ಎನ್ನಿಸಿಕೊಂಡ ಈ ಪಿನ್ನು ಧ್ವನಿ ಉಪಕರಣಗಳಲ್ಲಿ ಬಳಕೆಯಲ್ಲಿದ್ದದ್ದೇ. ಕಂಪ್ಯೂಟರಿನವರು ಅದನ್ನು ಎತ್ತಿಕೊಂಡರು. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಅವರಿಗೆ ಆ ಪಿನ್ನಿನಿಂದ ಒಂದು ತಾಳಮದ್ದಳೆ ನೆನಪಾಯಿತು. ಅಂಪ್ಲಿಫೈಯರಿನಿಂದ ಟೇಪಿಗೆ ಇದೇ ವಯರು ಎಳೆದು, ರಾತ್ರಿಯಿಡೀ ತೊಂಬತ್ತು ನಿಮಿಷದ ಕ್ಯಾಸೆಟ್ಟುಗಳನ್ನು ಮಗುಚುತ್ತ ಕುಳಿತಿದ್ದರಂತೆ. ಕೌರವನ ಅರ್ಥ ಹೇಳುವವರು ಒಂದು ವಾಕ್ಯವನ್ನು ಎತ್ತಿ, ಅದನ್ನು ಕೆಳಗಿಳಿಸುವ ಮುಂಚೆಯೇ ಕ್ಯಾಸೆಟ್ಟಿನ ಪಕ್ಕ ಮುಗಿಯಿತು; ಮಗುಚುವಷ್ಟರಲ್ಲಿ ಸಭೆ ಚಪ್ಪಾಳೆ ಹೊಡೆಯುತ್ತಿತ್ತು. ಆ ವಾಕ್ಯದ ಕೊನೆ ಏನೆಂದು ಅವರು ಅರ್ಥಧಾರಿಗಳನ್ನೇ ಹೋಗಿ ಕೇಳಿದರೆ, ಅವರಿಗೂ ನೆನಪಿರಲಿಲ್ಲ. ಅಲ್ಲಿದ್ದ ಹಿಮ್ಮೇಳದವರು, ಚಹಾ ಕೊಟ್ಟವರು, ಮುಂದಿನ ಸಾಲಿನಲ್ಲಿ ತೂಕಡಿಸಿದವರು ಯಾರಿಗೂ ನೆನಪಿಲ್ಲ. ಮೂರು ಬೇರೆ ಬೇರೆ ಕೊನೆಗಳನ್ನು ಅವರು ನನಗೆ ಅರ್ಥಧಾರಿಗಳ ಧ್ವನಿಯಲ್ಲಿಯೇ ಹೇಳಿ ತೋರಿಸಿ, ಯಾವುದು ಸರಿ ಎಂದು ಕೇಳಿದರು. ನಾನು ಎರಡನೆಯದು ಎಂದೆ. ಅವರಿಗೆ ಬೇಸರವಾಯಿತು, ನನಗೆ ಕೊನೆಯ ಬಸ್ಸು ತಪ್ಪಿತು.

ಕೀಬೋರ್ಡೇನೋ ಸಿಕ್ಕಿತು. ನೇರವಾಗಿ ಕೂತಿತು, ಮತ್ತು ಅದೇ ಅಪ್ಪಣೆ ಬಂತು. 1984ರಲ್ಲಿ ಐಬಿಎಂ ತನ್ನ ಎಕ್ಸ್‌ಟಿ ಎಂಬ ಕಂಪ್ಯೂಟರಿನ ನಂತರ ಎಟಿ ಎಂಬುದನ್ನು ತಂದಾಗ ಪಿನ್ನಿನ ಮೂತಿಯನ್ನು ಹಾಗೆಯೇ ಉಳಿಸಿಕೊಂಡು ಮಾತನ್ನು ಬದಲಿಸಿತ್ತು. ಎಕ್ಸ್‌ಟಿಯ ಕೀಬೋರ್ಡು ತಾನು ಹೇಳುತ್ತಲೇ ಹೋಗುತ್ತದೆ, ಯಂತ್ರದ ಮಾತನ್ನು ಕೇಳುವುದಿಲ್ಲ, ಎಟಿಯದು ಕೇಳಿಸಿಕೊಳ್ಳುತ್ತದೆ. ಬದಲಿಸುವುದೇ ಆಗಿದ್ದರೆ ಮೂತಿಯನ್ನೂ ಬದಲಿಸಬಾರದಿತ್ತೇ ಎಂದು ಅಲ್ಲಿದ್ದ ಎಂಜಿನಿಯರುಗಳನ್ನು ಯಾರೂ ಕೇಳಲಿಲ್ಲವೆಂದು ಕಾಣುತ್ತದೆ. ಕೀಬೋರ್ಡನ್ನು ಬೋರಲು ಹಾಕಿದಾಗ ಹೊಟ್ಟೆಯಲ್ಲಿ ಎರಡರ ನಡುವೆ ಆಯ್ದುಕೊಳ್ಳುವ ಪುಟ್ಟ ಸ್ವಿಚ್ಚು ಕಂಡಿತು. ಸರಿಸಿದೆ. ಅದೇ ಅಪ್ಪಣೆ.

ಡಬ್ಬವನ್ನು ಬಿಚ್ಚಿದಾಗಲೇ ನಿಜ ಸಂಗತಿ ಹೊರಬಿದ್ದದ್ದು. ಗಡಿಯಾರವನ್ನು ನಡೆಸುವ 3.6 ವೋಲ್ಟಿನ ನೀಲಿ ಬ್ಯಾಟರಿ, ಕೀಬೋರ್ಡು ಚುಚ್ಚುವ ಜಾಗಕ್ಕೆ ಅಂಟಿಕೊಂಡಂತೆಯೇ ಕುಳಿತದ್ದು, ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ಹಸಿರು ಪಾಚಿಯಂತೆ ತಿಂದು ಹಾಕಿತ್ತು. ಸೋರಿದ್ದು ಕ್ಷಾರವಾದ್ದರಿಂದ ಹುಳಿಯಿಂದ ತೊಳೆಯಬೇಕು. ಚಿಕ್ಕಮ್ಮ ಉಪ್ಪಿನಕಾಯಿಗೆಂದು ಇಟ್ಟಿದ್ದ ನಿಂಬೆಹಣ್ಣುಗಳಲ್ಲಿ ನಾಲ್ಕು ಹೋದವು, ಮತ್ತು ಆ ವಿಷಯದಲ್ಲಿ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ತುಂಡಾದ ಗೆರೆಗೆ ಕೂದಲಿನಷ್ಟು ತೆಳ್ಳಗಿನ ತಂತಿ ಬೆಸೆದುಕೊಟ್ಟವರು ಅದೇ ರೇಡಿಯೋದವರು. ಬೆಸೆಯುವಾಗಲೂ ಆ ವಾಕ್ಯದ ನಾಲ್ಕನೆಯ ಕೊನೆಯೊಂದು ಅವರಿಗೆ ಹೊಳೆದಿತ್ತು.

ಎಫ್-1 ಒತ್ತಿದೆ. ಯಂತ್ರ ಒಪ್ಪಿತು. ಬ್ಯಾಟರಿ ಸತ್ತದ್ದರಿಂದ ತನ್ನೊಳಗೆ ಎಂಥ ಹಾರ್ಡ್ ಡಿಸ್ಕ್ ಇದೆ ಎಂಬುದನ್ನೂ ಅದು ಮರೆತಿತ್ತು. ಅದನ್ನು ಎಬ್ಬಿಸಲು, ಬೂಸು ಹಿಡಿಯದೆ ಉಳಿದಿದ್ದ ಒಂದೇ ಡಾಸ್ ಫ್ಲಾಪಿಯನ್ನು ತುರುಕಿದಾಗ ಗರಗರ ಸದ್ದು ಮಾಡಿ, ಇವತ್ತು 1980ರ ಜನವರಿ 1, ಮಂಗಳವಾರ, ಅಲ್ಲವಾದರೆ ಸರಿಯಾದ ತಾರೀಕು ಕೊಡಿ ಎಂದು ಕೇಳಿತು. ಕಾಲದ ಪತ್ತೆ ತಪ್ಪಿದಾಗ ಈ ಜಾತಿಯ ಯಂತ್ರಗಳು ಹೋಗಿ ನಿಲ್ಲುವುದು ಅಲ್ಲಿಯೇ.

ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದ. ತಾರೀಕು ತುಂಬಲು ನಾನು ಕೈ ಚಾಚಿದರೆ, "ತಡಿ ತಮಾ, ಅಂದು ಮಂಗಳವಾರ ಹೌದ, ಪಂಚಾಂಗ ನೋಡನ" ಎಂದು ನನ್ನ ಕೈ ಹಿಡಿದು ನಿಲ್ಲಿಸಿ, ಹಳೆಯ ಪಂಚಾಂಗಗಳ ಗಂಟನ್ನು ಹುಡುಕಲು ಹೋದ. ಮಳೆಯ ಲೆಕ್ಕ ಇನ್ನೂ ಒಳಗೇ ಇದೆ. ಹೊರಗೆ ಬೆಳಗಿನಿಂದ ಹಿಡಿದ ಮಳೆ ಬಿಟ್ಟಿಲ್ಲ. ಮಾಪಕದಲ್ಲಿ ಎಷ್ಟಾಗಿದೆ ಎಂದು ಇವತ್ತು ಯಾರೂ ನೋಡಿಲ್ಲ.