ಎಸ್ತ್ಯಾಂಗೆ ನಡೆದೇ ಹೋಗಿ

ಫ್ರಾನ್ಸಿನ ಎಸ್ತ್ಯಾಂ ಊರಿನ ಫೋಟೊ ನೀವು ಎಲ್ಲಾದರೂ ನೋಡಿರಬಹುದು. ಲೋತ್ ನದಿ, ಅದರ ಮೇಲೆ ಕಮಾನುಗಳ ಕಲ್ಲಿನ ಸೇತುವೆ, ಆಚೆ ದಡದಲ್ಲಿ ಒಂದಕ್ಕೊಂದು ಒರಗಿಕೊಂಡ ಕಲ್ಲುಚಪ್ಪಡಿಯ ಮಾಡಿನ ಮನೆಗಳು, ಎಲ್ಲದರ ನೆತ್ತಿಯ ಮೇಲೆ ಕೋಟೆಯಂಥ ಅರಮನೆ. ಕಾರಿನಲ್ಲಿ ಬಂದವರು ಈಚೆ ದಡದಲ್ಲಿ ನಿಲ್ಲಿಸಿ ಫೋಟೊ ತೆಗೆದು, ಸೇತುವೆ ದಾಟಿ ಒಂದು ಕಾಫಿ ಕುಡಿದು ಹೊರಡುತ್ತಾರೆ. ಮೂರು ವರ್ಷದ ಹಿಂದೆ ತುಲೂಸಿನಿಂದ ಆಫೀಸಿನವರ ಜೊತೆ ನಾನೂ ಹಾಗೆಯೇ ಹೋಗಿ ಬಂದಿದ್ದೆ. ಮುಕ್ಕಾಲು ಗಂಟೆ ಇದ್ದೆವು. ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಮನೆಗೆ ಬಂದ ಮೇಲೆ ಫೋಟೊ ಬಿಟ್ಟು ಬೇರೇನೂ ನೆನಪಿರಲಿಲ್ಲ.

ಈ ಮೇ ತಿಂಗಳಲ್ಲಿ ಅದೇ ಊರಿಗೆ ನಡೆದು ಹೋದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಎಸ್ತ್ಯಾಂ ಇರುವುದು ಯಾತ್ರೆಯ ದಾರಿಯಲ್ಲಿ. ಸ್ಪೇನಿನ ಸ್ಯಾಂಟಿಯಾಗೊ ದೆ ಕಾಂಪೋಸ್ತೆಲಾದಲ್ಲಿ ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಇದೆ ಎಂದು ಯೂರೋಪಿನ ಜನ ಸಾವಿರ ವರ್ಷದಿಂದ ನಡೆದು ಹೋಗುತ್ತಿದ್ದಾರೆ. ಫ್ರಾನ್ಸಿನ ಲ ಪುಯಿ ಊರಿನ ಬಿಷಪ್ ಗೊದೆಸ್ಕಾಲ್ಕ್ 950ರಲ್ಲೇ ತನ್ನ ಪರಿವಾರದ ಜೊತೆ ಹೊರಟಿದ್ದ. ಇವತ್ತು ಲ ಪುಯಿಯಿಂದ ಹೊರಡುವ ದಾರಿಗೆ ಜಿಆರ್ 65 ಅನ್ನುತ್ತಾರೆ. ಜಿಆರ್ ಎಂದರೆ ದೂರದ ಕಾಲ್ನಡಿಗೆ ದಾರಿ. ಸ್ಯಾಂಟಿಯಾಗೊ ತಲುಪಲು ಸುಮಾರು 1,500 ಕಿ.ಮೀ. ಪೂರ್ತಿ ನಡೆಯುವವರೂ ಇದ್ದಾರೆ, ವರ್ಷಕ್ಕೊಂದು ವಾರದಂತೆ ಹತ್ತು ವರ್ಷ ನಡೆಯುವವರೂ ಇದ್ದಾರೆ. ನಾನು ನಡೆದದ್ದು ಒಂದೇ ದಿನದ ದಾರಿ. ಸ್ಯಾಂ ಕೋಮ್ ದೋಲ್ತ್‌ನಿಂದ ಎಸ್ತ್ಯಾಂಗೆ, ಸುಮಾರು 20 ಕಿ.ಮೀ.

ಈ 20 ಕಿ.ಮೀ.ಗೆ ಒಂದು ವಿಶೇಷ ಇದೆ. 1998ರಲ್ಲಿ ಯುನೆಸ್ಕೊ ಫ್ರಾನ್ಸಿನ ಈ ಯಾತ್ರಾದಾರಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಚರ್ಚು, ಸೇತುವೆ, ಹಳೆಯ ಆಸ್ಪತ್ರೆ ಎಲ್ಲ ಸೇರಿ 71 ಕಟ್ಟಡಗಳಿವೆ. ಅವುಗಳ ಜೊತೆಗೆ 7 ಕಡೆ ಬರೀ ಕಾಲುದಾರಿಯನ್ನೇ ಸೇರಿಸಿದ್ದಾರೆ. ಮಣ್ಣು, ಕಲ್ಲು, ಬೇಲಿ, ಏರು, ಇಳಿಜಾರು, ಅಷ್ಟೇ. ಸ್ಯಾಂ ಕೋಮ್‌ನಿಂದ ಎಸ್ತ್ಯಾಂವರೆಗಿನದು ಆ ಏಳರಲ್ಲಿ ಒಂದು. ಇದನ್ನು ಓದಿದಾಗ ನನಗೆ ನಿಜಕ್ಕೂ ಮೈ ಜುಂ ಅಂದಿತು. ಗುಡಿ ಉಳಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಗುಡಿಗೆ ಹೋಗುವ ದಾರಿಯನ್ನೂ ಉಳಿಸಬೇಕು ಅಂತ ಯಾರು ಹೇಳುತ್ತಾರೆ ಹೇಳಿ?

ಬೆಳಿಗ್ಗೆ ಏಳೂವರೆಗೆ ಹೊರಟೆ. ಸ್ಯಾಂ ಕೋಮ್ ಚರ್ಚಿನ ಶಿಖರವನ್ನು ಬಟ್ಟೆ ಹಿಂಡಿದ ಹಾಗೆ ತಿರುಚಿ ಕಟ್ಟಿದ್ದಾರೆ. ಅದು ಬೆನ್ನ ಹಿಂದೆ ಮರೆಯಾಗುವವರೆಗೆ ತಿರುಗಿ ತಿರುಗಿ ನೋಡಿದೆ. ದಾರಿ ತಪ್ಪುವ ಭಯ ಇಲ್ಲ. ಮರಕ್ಕೆ, ಬಂಡೆಗೆ, ಕರೆಂಟ್ ಕಂಬಕ್ಕೆ ಬಿಳಿ ಪಟ್ಟಿ, ಅದರ ಕೆಳಗೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಬಣ್ಣ ಮಾಸಿದರೆ ಮತ್ತೆ ಬಳಿಯುವುದು ಸುತ್ತಮುತ್ತಲಿನ ಸ್ವಯಂಸೇವಕರು. ಎಸ್ಪಾಲಿಯೋಂ ಊರಿನಲ್ಲಿ ಕೆಂಪು ಕಲ್ಲಿನ ಹಳೇ ಸೇತುವೆ, ನೀರಿಗೆ ಚಾಚಿಕೊಂಡ ಚರ್ಮ ಹದ ಮಾಡುವವರ ಹಳೆಯ ಮನೆಗಳು. ಸಮುದ್ರ ಎಲ್ಲೋ ದೂರ ಇರುವ ಈ ಊರಿನ ಇಬ್ಬರು, ರುಕೇರೋಲ್ ಮತ್ತು ದೆನೇರೂಜ್, 1860ರ ದಶಕದಲ್ಲಿ ನೀರಿನ ಆಳದಲ್ಲಿ ಉಸಿರಾಡುವ ಸಾಧನ ಕಂಡುಹಿಡಿದರಂತೆ. ಅಲ್ಲೊಂದು ಮ್ಯೂಸಿಯಂ ಕೂಡ ಇದೆ. ನಾನು ಒಳಗೆ ಹೋಗಲಿಲ್ಲ.

ಮುಂದೆ ಬೆಸ್ಸುಎಜೂಲ್. ಇಲ್ಲಿ ಮಾತ್ರ ಅವಸರ ಮಾಡಬೇಡಿ. ತೊರೆಯ ಪಕ್ಕ, ಮರಗಳ ನಡುವೆ ಸಣ್ಣ ಚರ್ಚು. ಹೊರಗಿನಿಂದ ನೋಡಿದರೆ ಏನೂ ವಿಶೇಷ ಇಲ್ಲ. ಗಂಟೆ ಗೋಪುರದೊಳಗೆ ಒಬ್ಬರೇ ಹತ್ತುವಷ್ಟು ಇಕ್ಕಟ್ಟಾದ ಮೆಟ್ಟಿಲು. ಒಂದೊಂದು ಮೆಟ್ಟಿಲೂ ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿದೆ. ಮೇಲೆ ಸುಮಾರು ಸಾವಿರ ವರ್ಷ ಹಳೆಯ ಪುಟ್ಟ ಪೂಜಾಸ್ಥಳ. ಕಲ್ಲಿನ ಪೀಠದ ತುಂಬ ಹಗ್ಗ ಹೆಣೆದ ಹಾಗೆ ಕೆತ್ತನೆ. ಕೈಯಾಡಿಸಿದೆ, ತಣ್ಣಗಿತ್ತು. ನನಗಿಂತ ಮೊದಲೇ ಬಂದು ಕೂತಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಕೂತೇ ಇದ್ದರು. ನಾನೂ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಅಲ್ಲಿಂದ ಏರು. ಹಿಂದಿನ ದಿನದ ಮಳೆಗೆ ಕೆಸರು. ಆ ಅಜ್ಜಿಯೇ ಜೊತೆಯಾದರು. ನಿವೃತ್ತ ಟೀಚರ್, ನಾಲ್ಕನೇ ಸಲ ಈ ದಾರಿ ಹಿಡಿದವರು. ನೀರು ಖಾಲಿ ಅಂದಾಗ, "ಸ್ಮಶಾನ ಹುಡುಕು" ಅಂದರು. ನಾನು ಬೆಚ್ಚಿದೆ. ಇಲ್ಲಿ ಸಮಾಧಿಗಳ ಹೂಗಿಡಕ್ಕೆ ಹಾಕಲು ಪ್ರತಿ ಊರಿನ ಸ್ಮಶಾನದ ಬಾಗಿಲಲ್ಲೂ ನಲ್ಲಿ ಇರುತ್ತದಂತೆ, ನಡೆಯುವವರೆಲ್ಲ ಅಲ್ಲೇ ಬಾಟಲಿ ತುಂಬಿಸಿಕೊಳ್ಳುವುದಂತೆ. ಹಾಗೇ ಒಂದು ಹಳ್ಳಿಯಲ್ಲಿ ನಲ್ಲಿ ತಿರುಗಿಸಿದೆ. ಪಕ್ಕದಲ್ಲೇ ಕಲ್ಲಿನ ಬೆಂಚು, ಅದರ ಮೇಲೆ ನೆರಳಿಗೊಂದು ಮರ. ಯಾರೋ ಯಾವಾಗಲೋ ಯೋಚನೆ ಮಾಡಿ ನೆಟ್ಟದ್ದು.

ಆ ನೆರಳಲ್ಲಿ ಕೂತಾಗ ಅಪ್ಪನ ನೆನಪಾಯಿತು. ನಮ್ಮದು ಬಾಗಲಕೋಟೆ ಕಡೆ. ಅಪ್ಪ ಇಪ್ಪತ್ತು ವರ್ಷಕ್ಕೂ ಜಾಸ್ತಿ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಬಂದವರು. ಹಾದಿಯ ಊರೂರಲ್ಲೂ ದಾಸೋಹ, ಮಜ್ಜಿಗೆ, ಕಾಲು ಒತ್ತುವವರು, ಆಮೇಲೆ ಭೀಮನಕೊಳ್ಳದ ಕಾಡುದಾರಿ. ಅವರು ಮಲ್ಲಯ್ಯನ ಗುಡಿಯ ಬಗ್ಗೆ ಎರಡು ಮಾತು ಹೇಳಿದರೆ ಹಾದಿಯ ಬಗ್ಗೆ ಇನ್ನೂರು ಮಾತು ಹೇಳುತ್ತಾರೆ. ಹೋದ ವರ್ಷ ಬಂದವರೇ ಫೋನಿನಲ್ಲಿ, "ಆ ಬೇವಿನ ಗಿಡದ ಸಾಲು ಹೋತವ್ವ. ರಸ್ತೆ ಅಗಲ ಮಾಡ್ಯಾರ. ಬುತ್ತಿ ಬಿಚ್ಚೂ ಜಾಗನ ಇಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಸ್ತೆ ಬೇಡ ಅಂತ ಅಪ್ಪನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ರಸ್ತೆಯ ಪಕ್ಕ ನಡೆಯುವವರಿಗೊಂದು ಮಣ್ಣಿನ ದಾರಿ, ಕಿಲೋಮೀಟರಿಗೆ ನಾಲ್ಕು ಮರ, ಒಂದು ನೀರಿನ ತೊಟ್ಟಿ ಬಿಡುವುದು ಕಷ್ಟದ ಕೆಲಸವೇ? ಅದೂ ನಮ್ಮ ಪರಂಪರೆ ಅಲ್ವಾ?

ಮಧ್ಯಾಹ್ನ ಮೂರು ದಾಟಿತ್ತು. ನದಿಯ ಪಕ್ಕದಲ್ಲೇ ಸಾಗಿ ಒಂದು ತಿರುವು ದಾಟಿದಾಗ ಎಸ್ತ್ಯಾಂ ಕಂಡಿತು. ಅದೇ ಸೇತುವೆ, ಅದೇ ಅರಮನೆ. ಈ ಸಲ ಗಂಟಲು ಕಟ್ಟಿತು. ಕಾಲು ನೋಯುತ್ತಿರುವಾಗ ಒಂದು ಸೇತುವೆ ಎಂದರೆ ಏನು ಎಂದು ಕಾರಿನಲ್ಲಿ ಬಂದರೆ ಗೊತ್ತಾಗುವುದಿಲ್ಲ. ಸೇತುವೆಯ ಮೇಲೆ ಬಿಷಪ್ ಫ್ರಾನ್ಸ್ವಾ ದೆಸ್ತ್ಯಾಂ ಅವರ ವಿಗ್ರಹವಿದೆ. ರೊದೇಜ್ ಕೆಥೆಡ್ರಲಿನ ದೊಡ್ಡ ಗಂಟೆ ಗೋಪುರ ಕಟ್ಟಿಸಿದವರು ಅವರು. ಕೆಳಗೆ ನೀರು ಹಸಿರಾಗಿ, ಸದ್ದಿಲ್ಲದೆ ಹರಿಯುತ್ತಿತ್ತು.

ಆ ಅರಮನೆಯ ದೆಸ್ತ್ಯಾಂ ಮನೆತನದ ಇನ್ನೊಬ್ಬ, ಶಾರ್ಲ್ ಎಕ್ತೋರ್ ದೆಸ್ತ್ಯಾಂ, ನಮ್ಮ ಕಡೆಗೂ ಬಂದಿದ್ದ. 1758ರಲ್ಲಿ ಫ್ರೆಂಚ್ ಸೇನೆಯ ಜೊತೆ ಮದರಾಸಿನ ಮುತ್ತಿಗೆಗೆ ಹೋಗಿ ಇಂಗ್ಲಿಷರ ಕೈಗೆ ಸೆರೆ ಸಿಕ್ಕ. ಮುಂದೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರೆಂಚ್ ಹಡಗುಪಡೆ ನಡೆಸಿದ. 1794ರಲ್ಲಿ ಗಿಲೋಟಿನ್‌ಗೆ ತಲೆ ಕೊಟ್ಟ. ಅರಮನೆಯನ್ನು 2005ರಲ್ಲಿ ಫ್ರಾನ್ಸಿನ ಮಾಜಿ ಅಧ್ಯಕ್ಷ ವಾಲೆರಿ ಜಿಸ್ಕಾರ್ ದೆಸ್ತ್ಯಾಂ ಕೊಂಡುಕೊಂಡರು.

ಆದರೆ ನನಗೆ ಅರಮನೆಗಿಂತ ಹತ್ತಿರವಾದದ್ದು ಯಾತ್ರಿಕರ ತಂಗುಮನೆ. ಬಾಗಿಲಲ್ಲೇ ಶೂ ಬಿಚ್ಚಬೇಕು. ಮರದ ಗೂಡುಗಳಲ್ಲಿ ಕೆಸರು ಮೆತ್ತಿದ ಹದಿನೈದು ಜೊತೆ ಶೂ, ಒಂದೊಂದರೊಳಗೂ ತೇವ ಹೀರಲು ಮುದುರಿ ತುರುಕಿದ ಹಳೇ ಪೇಪರ್. ಬ್ಯಾಗು ಕೆಳಗೇ ಬಿಡಬೇಕು, ತಿಗಣೆ ಮೇಲೆ ಹೋಗಬಾರದು ಅಂತ. ಮನೆಯಾಕೆ ನನ್ನ ಯಾತ್ರೆ ಪುಸ್ತಕಕ್ಕೆ ಮುದ್ರೆ ಒತ್ತಿ, ಶಾಯಿ ಒಣಗಲಿ ಅಂತ ಬಾಯಿಂದ ಊದಿ ಕೊಟ್ಟರು. ರಾತ್ರಿ ಊಟಕ್ಕೆ ಅಲಿಗೋ. ನುರಿದ ಆಲೂಗಡ್ಡೆಗೆ ಬೆಣ್ಣೆ, ಬೆಳ್ಳುಳ್ಳಿ, ಒಬ್ರಾಕ್ ಬೆಟ್ಟದ ಎಳೇ ಚೀಸ್ ಹಾಕಿ ತಿರುವುತ್ತಾರೆ. ಸೌಟು ಎತ್ತಿದರೆ ಮೊಳಗಟ್ಟಲೆ ಎಳೆ ಬರುತ್ತದೆ. ಆಲೂಗಡ್ಡೆ ಇಲ್ಲದ ಕಾಲದಲ್ಲಿ ಒಬ್ರಾಕ್ ಮಠದವರು ಬ್ರೆಡ್ಡು, ಚೀಸ್ ಹಾಕಿ ಇದನ್ನು ಯಾತ್ರಿಕರಿಗೆ ಬಡಿಸುತ್ತಿದ್ದರು ಎಂಬ ಮಾತಿದೆ. ಆ ಮಠ 12ನೇ ಶತಮಾನದ್ದು. ಮಂಜು ಕವಿದಾಗ ದಾರಿ ತಪ್ಪಿದವರಿಗೆ ಕೇಳಲಿ ಎಂದು ಅಲ್ಲಿ ಗಂಟೆ ಬಾರಿಸುತ್ತಿದ್ದರು. ಊಟದ ಮೇಜಿನಲ್ಲಿ ಯಾರೂ ಯಾರಿಗೂ "ನೀವೇನು ಕೆಲಸ ಮಾಡ್ತೀರಿ" ಅಂತ ಕೇಳಲಿಲ್ಲ. ಕಾಲಿನ ಬೊಬ್ಬೆ ಹೇಗಿದೆ ಅಂತ ಕೇಳಿದರು.

ಹೋಗುವ ಮನಸ್ಸಿದ್ದರೆ ರೊದೇಜ್‌ವರೆಗೆ ರೈಲು, ಅಲ್ಲಿಂದ ಎಸ್ಪಾಲಿಯೋಂಗೆ ಬಸ್ಸು. 20 ಕಿ.ಮೀ. ಆಗಲ್ಲ ಅನ್ನುವವರು ಎಸ್ಪಾಲಿಯೋಂನಿಂದಲೇ ಹೊರಡಿ, ಸುಮಾರು 12 ಆಗುತ್ತದೆ. ಬ್ಯಾಗು ಸಾಗಿಸುವ ವ್ಯಾನುಗಳೂ ಇವೆ, ಮಂಡಿ ನೋವಿನವರು ಹಿಂಜರಿಯಬೇಡಿ. ಜುಲೈ ಮೊದಲ ಭಾನುವಾರ ಊರಿನ ದೇವರು ಸಂತ ಫ್ಲೂರೇ ಹಬ್ಬ. ಊರವರೇ ಸಂತರು, ದೊರೆಗಳು, ಯಾತ್ರಿಕರ ವೇಷ ಹಾಕಿ ಮೆರವಣಿಗೆ ಹೋಗುತ್ತಾರೆ.

ರಾತ್ರಿ ಅಪ್ಪನಿಗೆ ಫೋಟೊ ಕಳಿಸಿದೆ. ಅರಮನೆಯದ್ದು, ಸೇತುವೆಯದ್ದು, ಆ ಬೆಂಚಿನದ್ದು. ಬೆಂಚಿನ ಫೋಟೊಗೆ ಮಾತ್ರ ಫೋನ್ ಮಾಡಿದರು. "ಅದು ಯಾವ ಗಿಡ ಅವ್ವ?" ಅಂದರು. ನನಗೆ ಗೊತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಎಸ್ತ್ಯಾಂನಿಂದ ಕೋಂಕ್‌ಗೆ ಎರಡು ದಿನ ನಡೆಯುವ ಯೋಚನೆ ಇದೆ. ಅದಕ್ಕೂ ಮೊದಲು ಮತ್ತೆ ಆ ಸ್ಮಶಾನದ ಹತ್ತಿರ ಹೋಗಿ, ಒಂದು ಎಲೆ ಕಿತ್ತು ನೋಡಿ, ಅಪ್ಪನಿಗೆ ಹೇಳಬೇಕು.